ಮೇಷ್ಟ್ರು ಆಯಿಲ್ ಬದಲಿಸಿದ ಭಾನುವಾರ

"ನಾಳೆಯಿಂದ ಈ ಮನೆ ಕಾರಿಗೆ ನನ್ನ ಕೈ ಬಿಟ್ಟು ಇನ್ನೊಬ್ಬರ ಕೈ ಸೋಕಬಾರದು" ಎಂದು ಶನಿವಾರ ಸಂಜೆ ಮೇಷ್ಟ್ರು ಚಹಾದ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಘೋಷಿಸಿದರು. ಲೋಟದಲ್ಲಿ ಉಳಿದಿದ್ದ ಚಹಾ ಹಾರಿ ಅವರ ಅಂಗಿಯ ಮೇಲೇ ಬಿತ್ತು. ಆದರೆ ಮಹತ್ಕಾರ್ಯಕ್ಕೆ ಹೊರಟವರು ಅಂಥ ಸಣ್ಣಪುಟ್ಟ ಶಕುನಗಳನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಘೋಷಣೆಯನ್ನು ಕೇಳಿಸಿಕೊಂಡವರು ಇಬ್ಬರು. ಒಬ್ಬರು ಮೇಷ್ಟ್ರ ಹೆಂಡತಿ. ಹದಿನಾಲ್ಕು ವರ್ಷಗಳಿಂದ ಆಸ್ಪತ್ರೆಯೊಂದರ ಇಂಜೆಕ್ಷನ್ ಕೋಣೆಯಲ್ಲಿ ನರ್ಸ್ ಆಗಿರುವವರು. ಇನ್ನೊಬ್ಬರು ಅವರ ತಂದೆ, ಅಂದರೆ ಮೇಷ್ಟ್ರ ಮಾವ. ನಲವತ್ತು ವರ್ಷ ಲಾರಿ ಓಡಿಸಿ ನಿವೃತ್ತರಾದವರು. ಹೋದ ವಾರ ಕಣ್ಣಿನ ಪೊರೆ ತೆಗೆಸಿಕೊಂಡು, ಮಗಳ ಆರೈಕೆಯಲ್ಲಿ ಇರೋಣವೆಂದು ಬಂದಿದ್ದರು. ಕಪ್ಪು ಕನ್ನಡಕ ತೆಗೆಯಬಾರದು, ಬಗ್ಗಬಾರದು, ಭಾರ ಎತ್ತಬಾರದು ಎಂದು ಡಾಕ್ಟರು ಹೇಳಿದ್ದರು. ಅಳಿಯನ ಮನೆಯಲ್ಲಿ ಬಾಯಿ ಬಿಡಬಾರದು ಎಂಬ ನಾಲ್ಕನೆಯ ಕಟ್ಟಳೆಯನ್ನು ಅವರೇ ಹಾಕಿಕೊಂಡಿದ್ದರು.

ಮೇಷ್ಟ್ರು ಹೈಸ್ಕೂಲಿನಲ್ಲಿ ಭೌತಶಾಸ್ತ್ರ ಹೇಳಿಕೊಡುವವರು. ಸನ್ನೆ, ರಾಟೆ, ಘರ್ಷಣೆ, ಒತ್ತಡ ಎಲ್ಲವೂ ಅವರಿಗೆ ನಾಲಗೆಯ ತುದಿಯಲ್ಲಿ. ಇಪ್ಪತ್ತೆರಡು ವರ್ಷಗಳಲ್ಲಿ ಅವರು ಕಪ್ಪು ಹಲಗೆಯ ಮೇಲೆ ಬರೆದ ಎಂಜಿನ್ ಒಂದು ದಿನವೂ ಕೆಟ್ಟು ನಿಂತದ್ದಿಲ್ಲ. ಹಾಗಾಗಿ, ಕಾರಿನ ಆಯಿಲ್ ಬದಲಿಸಿಕೊಡು ಎಂದರೆ ಗ್ಯಾರೇಜಿನವನು "ಈಗ ಆಗಲ್ಲ ಸಾರ್, ಮಂಗಳವಾರ ಬನ್ನಿ" ಎಂದಾಗ ಅವರಿಗೆ ಅದು ಇಡೀ ವಿಜ್ಞಾನಕ್ಕೇ ಆದ ಅವಮಾನದಂತೆ ಕಂಡಿತ್ತು.

ಮಂಗಳವಾರ ಏಕೆ ಆಗದೆಂದರೆ, ಸೋಮವಾರ ಬೆಳಿಗ್ಗೆ ಹತ್ತು ಗಂಟೆಗೆ ಹೆಂಡತಿಯ ಡ್ರೈವಿಂಗ್ ಪರೀಕ್ಷೆ ಇತ್ತು. ಅದು ಮೂರನೆಯ ಸಲದ ಪರೀಕ್ಷೆ. ಮೊದಲನೆಯ ಸಲ ಏರಿನಲ್ಲಿ ಗಾಡಿ ಆಫ್ ಆಗಿ ಹಿಂದಕ್ಕೆ ಜಾರಿತ್ತು. ಎರಡನೆಯ ಸಲ, ಮೈದಾನದ ಬೇಲಿಯಾಚೆ ನಿಂತು ಮೇಷ್ಟ್ರು ಎರಡೂ ಕೈಗಳಿಂದ ಕೊಡುತ್ತಿದ್ದ ಸೂಚನೆಗಳನ್ನು ನೋಡುತ್ತ ನೋಡುತ್ತ ಆಕೆ ಕಂಬಕ್ಕೆ ತಾಗಿಸಿದ್ದರು. ಈ ಸಲ ಪಾಸಾಗಲೇಬೇಕಿತ್ತು. ಆಸ್ಪತ್ರೆಯವರು ಮನೆ ಮನೆಗೆ ಹೋಗಿ ರೋಗಿಗಳನ್ನು ನೋಡಿ ಬರುವ ಕೆಲಸಕ್ಕೆ ಆಕೆಯನ್ನೇ ಆರಿಸಿದ್ದರು, ಓಡಾಡಲು ಕಾರು ಕೊಡುವುದಾಗಿಯೂ ಹೇಳಿದ್ದರು. ಆದರೆ ಈ ತಿಂಗಳೊಳಗೆ ಲೈಸೆನ್ಸ್ ತೋರಿಸದಿದ್ದರೆ ಕೆಲಸ ಬೇರೆಯವರ ಪಾಲು. ಇಂಜೆಕ್ಷನ್ ಕೋಣೆಗೆ ಕಿಟಕಿ ಇರಲಿಲ್ಲ. ಹೊರಗೆ ಬಿಸಿಲೋ ಮೋಡವೋ ಎಂದು ಒಳಗೆ ಬಂದವರನ್ನು ಕೇಳಿ ತಿಳಿಯುತ್ತ ಹದಿನಾಲ್ಕು ವರ್ಷ ಕಳೆದವರಿಗೆ ಆ ಕೆಲಸವೆಂದರೆ ಎಷ್ಟು ಆಸೆ ಇರಬಹುದು, ನೀವೇ ಯೋಚಿಸಿ.

"ಗಾಡಿ ಚೆನ್ನಾಗೇ ಓಡ್ತಿದೆಯಲ್ಲರೀ. ಪರೀಕ್ಷೆ ಮುಗೀಲಿ, ಆಮೇಲೆ ಸರ್ವೀಸ್ ಮಾಡಿಸಿದ್ರಾಯ್ತು" ಎಂದರು ಹೆಂಡತಿ.

"ಏರಿನಲ್ಲಿ ಗಾಡಿ ಆಫ್ ಆಗಿದ್ದು ನಿನ್ನ ತಪ್ಪು ಅಂದ್ಕೊಂಡಿದ್ದೀಯಾ? ಆಯಿಲ್ ತಪ್ಪು. ಹಳೇ ಆಯಿಲ್‌ಗೆ ಶಕ್ತಿ ಇರಲ್ಲ" ಎಂದರು ಮೇಷ್ಟ್ರು.

ಹೆಂಡತಿ ಖಾಲಿ ಲೋಟಗಳನ್ನು ಎತ್ತಿಕೊಂಡು ಒಳಗೆ ಹೋದರು. ಗಂಡ ತಪ್ಪನ್ನು ತನ್ನ ಮೇಲಿಂದ ಎತ್ತಿ ಆಯಿಲ್ ಮೇಲೆ ಹೊರಿಸುತ್ತಿದ್ದಾನಲ್ಲ ಎಂದು ಒಳಗೊಳಗೇ ಸ್ವಲ್ಪ ಸಂತೋಷವೂ ಆಗಿರಬೇಕು.

ಭಾನುವಾರ ಬೆಳಿಗ್ಗೆ ಹೆಂಡತಿ ಡ್ಯೂಟಿಗೆ ಹೊರಟ ಮೇಲೆ ಮೇಷ್ಟ್ರು ಹಳೆಯ ಪೈಜಾಮ ತೊಟ್ಟು, ತಲೆಗೆ ಟವೆಲ್ ಸುತ್ತಿ, ರಣರಂಗಕ್ಕೆ ಇಳಿದರು. ಮಾವನವರಿಗೆ ವರಾಂಡದಲ್ಲಿ ಕುರ್ಚಿ ಹಾಕಿಕೊಟ್ಟರು. ಕಾರಿನ ಮುಂದಿನ ಚಕ್ರಗಳನ್ನು ಎರಡು ಓರೆ ಹಲಗೆಗಳ ಮೇಲೆ ಹತ್ತಿಸಿ, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಗೋಣಿತಾಟು ಹಾಸಿಕೊಂಡು ಬೆನ್ನ ಮೇಲೆ ಒಳಗೆ ಸರಿದರು. ಅಲ್ಲಿ ಒಂದು ಸಮಸ್ಯೆ ಕಾದಿತ್ತು. ಕಾರಿನ ಹೊಟ್ಟೆಯಲ್ಲಿ ಒಂದಲ್ಲ, ಎರಡು ಬೋಲ್ಟುಗಳಿದ್ದವು. ಒಂದು ಬಲಕ್ಕೆ, ತುಸು ಮೇಲೆ. ಇನ್ನೊಂದು ಎಡಕ್ಕೆ, ತುಸು ಕೆಳಗೆ.

ಬೇರೆ ಯಾರಾದರೂ ಆಗಿದ್ದರೆ ಹೊರಗೆ ಬಂದು, ನಲವತ್ತು ವರ್ಷ ಲಾರಿಯ ಅಡಿಯಲ್ಲಿ ಮಲಗಿದ್ದವರನ್ನು ಒಂದು ಮಾತು ಕೇಳುತ್ತಿದ್ದರು. ಮೇಷ್ಟ್ರು ಕೇಳಲಿಲ್ಲ. ಮಲಗಿದಲ್ಲೇ ತಮಗೆ ತಾವೇ ಪಾಠ ಮಾಡಿಕೊಂಡರು. ದ್ರವ ಯಾವಾಗಲೂ ತಗ್ಗಿಗೆ ಹರಿಯುತ್ತದೆ. ಆದ್ದರಿಂದ ಆಯಿಲ್ ಅತಿ ತಗ್ಗಿನ ಜಾಗದಲ್ಲಿ ಸೇರಿರುತ್ತದೆ. ಆದ್ದರಿಂದ ಅತಿ ತಗ್ಗಿನ ಬೋಲ್ಟೇ ಆಯಿಲ್ ಬೋಲ್ಟು. ಎಂಟನೆಯ ತರಗತಿಯ ಪಾಠ! ಸ್ಪ್ಯಾನರ್ ಹಾಕಿ ಎಡಗಡೆಯದನ್ನು ತಿರುಗಿಸಿದರು. ಎಣ್ಣೆ ಬೇಸಿನ್ನಿಗೆ ಧಾರೆಯಾಗಿ ಇಳಿಯಿತು.

ಆ ಎಣ್ಣೆಯನ್ನು ನೋಡಿ ಮೇಷ್ಟ್ರ ಕಣ್ಣು ತುಂಬಿ ಬಂತು. ಕಪ್ಪಲ್ಲ, ಮಸಿಯಲ್ಲ, ಹೊಂಬಣ್ಣದ ತಿಳಿ ಎಣ್ಣೆ!

"ಯಾವ ಬಣ್ಣ ಬಂತು ಅಳಿಯಂದ್ರೆ?" ವರಾಂಡದಿಂದ ಮಾವನವರು ಕೇಳಿದರು. ಕಪ್ಪು ಕನ್ನಡಕದಲ್ಲಿ ಅವರಿಗೆ ಹಾಲೂ ಒಂದೇ ಮಸಿಯೂ ಒಂದೇ.

"ಜೇನು, ಮಾವನವರೇ. ಅಪ್ಪಟ ಜೇನು."

ಮಾವನವರು ಕೋಲನ್ನು ಈ ಕೈಯಿಂದ ಆ ಕೈಗೆ ಬದಲಿಸಿ, "ಹತ್ತು ಸಾವಿರ ಕಿಲೋಮೀಟರ್ ಓಡಿದ ಆಯಿಲ್ ಜೇನಿನ ಹಾಗೆ ಇರುತ್ತಾ?" ಎಂದು ಮೆಲ್ಲಗೆ ಕೇಳಿದರು.

"ಅದು ಓಡಿಸೋರ ಮೇಲೆ ಹೋಗುತ್ತೆ" ಎಂದುಬಿಟ್ಟರು ಮೇಷ್ಟ್ರು. ಅವರಿಗೆ ಕೆಟ್ಟ ಉದ್ದೇಶವೇನೂ ಇರಲಿಲ್ಲ. ಆದರೆ ನಲವತ್ತು ವರ್ಷ ಕಪ್ಪು ಆಯಿಲನ್ನೇ ನೋಡುತ್ತ ಬಂದ ಮಾವನವರು ಅಲ್ಲಿಗೆ ಬಾಯಿಗೆ ಬೀಗ ಹಾಕಿಕೊಂಡರು.

ಮೇಷ್ಟ್ರು ಆ ಎಣ್ಣೆಯನ್ನು ಗಾಜಿನ ಸೀಸೆಗೆ ತುಂಬಿಕೊಂಡು ಬೀದಿಗೆ ನಡೆದರು. ಎದುರು ಮನೆಯ ಟೈಲರು ಬಾಗಿಲಲ್ಲೇ ಸಿಕ್ಕರು. ಗೇರನ್ನು ಮೃದುವಾಗಿ ಹಾಕುವವನ, ಕ್ಲಚ್ಚನ್ನು ಗೌರವದಿಂದ ಒತ್ತುವವನ ಕಾರಿನ ಆಯಿಲ್ ಹೀಗಿರುತ್ತದೆ ಎಂದು ಸೀಸೆಯನ್ನು ಬಿಸಿಲಿಗೆ ಹಿಡಿದು ವಿವರಿಸಿದರು. ಟೈಲರು ಬೆರಗಾಗಿ, ತಮ್ಮ ಕಾರಿಗೂ ಮುಂದಿನ ಭಾನುವಾರ ಕೃಪೆ ಮಾಡಬೇಕೆಂದು ಕೀಲಿಯನ್ನು ಆಗಲೇ ಕೈಗೆ ಕೊಟ್ಟುಬಿಟ್ಟರು. ಮೇಷ್ಟ್ರು ಅದನ್ನು ಪ್ರಶಸ್ತಿ ಪದಕದಂತೆ ಪೈಜಾಮದ ಲಾಡಿಗೆ ಸಿಕ್ಕಿಸಿಕೊಂಡರು.

ಮುಂದಿನದೆಲ್ಲ ಸಲೀಸು ಎಂದುಕೊಂಡಿದ್ದರು. ಇಳಿದ ಎಣ್ಣೆ ಎರಡೇ ಲೀಟರ್ ಇತ್ತು, ಮೂರೂವರೆ ಇರಬೇಕಿತ್ತು. ಉಳಿದದ್ದನ್ನು ಎಂಜಿನ್ ಕುಡಿದಿದೆ ಎಂದು ತೀರ್ಮಾನವಾಯಿತು. ಆಯಿಲ್ ಫಿಲ್ಟರ್ ಬದಲಿಸಬೇಕಿತ್ತು. ಆಯಿಲ್ಲೇ ಇಷ್ಟು ಶುದ್ಧವಾಗಿರುವಾಗ ಫಿಲ್ಟರಿಗೆ ಏನು ಕೆಲಸ ಎಂದು ಹೊಸ ಫಿಲ್ಟರನ್ನು ಡಬ್ಬಿ ಸಮೇತ ಅಟ್ಟಕ್ಕೆ ಎಸೆದರು. ಬೋಲ್ಟನ್ನು ಬಿಗಿ ಮಾಡಿ, ಬಾನೆಟ್ ಎತ್ತಿ, ಹೊಸ ಆಯಿಲನ್ನು ಮೂರೂವರೆ ಲೀಟರ್ ಪೂರ್ತಿ ಎಂಜಿನ್ನಿಗೆ ಸುರಿದು, ಮಟ್ಟ ನೋಡುವ ಕಡ್ಡಿಯನ್ನು ಎಳೆದು ನೋಡಿದರು. ಎಣ್ಣೆ ಮೇಲಿನ ಗೆರೆಯನ್ನು ಎಂದೋ ದಾಟಿ ಹಿಡಿಕೆಯ ಹತ್ತಿರಕ್ಕೆ ಬಂದಿತ್ತು.

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಮೇಷ್ಟ್ರು ಕಡ್ಡಿ ಡೊಂಕು ಅಂದರು. ಕಾರ್ಖಾನೆಯಲ್ಲಿ ಅಳತೆಯ ಗೆರೆ ತಪ್ಪಾಗಿ ಹಾಕಿದ್ದಾರೆ, ಹನ್ನೊಂದು ವರ್ಷಗಳಿಂದ ಯಾರ ಕಣ್ಣಿಗೂ ಬಿದ್ದಿಲ್ಲ ಎಂದು ಮರುಗಿದರು. ಕಬ್ಬಿಣ ಉಜ್ಜುವ ಅರ ತಂದು, ಎಣ್ಣೆ ಎಲ್ಲಿಯವರೆಗೆ ಅಂಟಿತ್ತೋ ಅಲ್ಲಿಗೇ ಹೊಸ ಗೆರೆ ಕೊರೆದು, ಕಾರ್ಖಾನೆಯವರ ತಪ್ಪನ್ನು ತಿದ್ದಿದರು. ಇಪ್ಪತ್ತೆರಡು ವರ್ಷ ಮಕ್ಕಳ ಉತ್ತರಪತ್ರಿಕೆ ತಿದ್ದಿದ ಕೈ ಅದು, ತಪ್ಪು ಕಂಡರೆ ಸುಮ್ಮನಿರುವುದುಂಟೆ!

ಮಧ್ಯಾಹ್ನ ಹೆಂಡತಿ ಬಂದು ಊಟ ಮುಗಿಸಿದ ಮೇಲೆ ಕೊನೆಯ ಅಭ್ಯಾಸಕ್ಕೆ ಮೂವರೂ ಕಾರು ಹತ್ತಿದರು. ಹೆಂಡತಿ ಸ್ಟೀರಿಂಗ್ ಮುಂದೆ, ಮೇಷ್ಟ್ರು ಪಕ್ಕದಲ್ಲಿ, ಮಾವನವರು ಹಿಂದೆ. ಎಂಜಿನ್ ಚಾಲೂ ಆಯಿತು. ಸೈಲೆನ್ಸರಿನಿಂದ ಬೂದು ಹೊಗೆ ಬುಸುಬುಸು ಎದ್ದು ಬೀದಿಯನ್ನೆಲ್ಲ ತುಂಬಿತು. ಟೈಲರು ಹೊಲಿದು, ಒಗೆದು, ತಂತಿಗೆ ಹಾಕಿದ್ದ ಇಪ್ಪತ್ತು ಬಿಳಿ ಅಂಗಿಗಳು ಒಂದೊಂದಾಗಿ ಆ ಹೊಗೆಯೊಳಗೆ ಮಾಯವಾದವು.

"ಏನ್ರೀ ಇದು?"

"ಹಳೇ ಕೊಳೆ ಸುಡ್ತಿದೆ. ಒಳ್ಳೇದೇ. ನೀನು ನಡಿ" ಎಂದರು ಮೇಷ್ಟ್ರು.

ಟೈಲರು ಕೆಮ್ಮುತ್ತ ಹೊಗೆಯೊಳಗಿಂದ ಹೊರಬಂದು, ಕಾರಿನ ಕಿಟಕಿಗೆ ಕೈ ಹಾಕಿ, ಮೇಷ್ಟ್ರ ಲಾಡಿಯಿಂದ ತಮ್ಮ ಕೀಲಿಯನ್ನು ವಾಪಸ್ ತೆಗೆದುಕೊಂಡು ಹೋದರು.

ಬೀದಿಯ ತಿರುವು ದಾಟುವಷ್ಟರಲ್ಲಿ ಕಾರಿನ ಒಳಗಿಂದ ಕುಂಯ್ ಎಂದು ಒಂದು ರಾಗ ಶುರುವಾಯಿತು. ಹೊಸ ಆಯಿಲ್ ಹೊಂದಿಕೊಳ್ಳುತ್ತಿದೆ ಎಂದರು ಮೇಷ್ಟ್ರು. ಮೂರನೇ ಗೇರಿನಿಂದ ಎರಡಕ್ಕೆ ತರಲು ಹೆಂಡತಿ ಕೈ ಎಳೆದರೆ ಗೇರು ಕರಕರ ಎಂದಿತೇ ಹೊರತು ಬೀಳಲಿಲ್ಲ. ಇನ್ನೊಮ್ಮೆ ಎಳೆದರು. ಮತ್ತೆ ಕರಕರ. ಎಂಜಿನ್ ಒದ್ದಾಡಿ, ಜಗ್ಗಿ, ನಡುರಸ್ತೆಯಲ್ಲಿ ನಿಂತುಬಿಟ್ಟಿತು. ಹಿಂದಿನಿಂದ ಹಾರ್ನುಗಳು ಶುರುವಾದವು.

"ಗೇರ್ ಬೀಳ್ತಿಲ್ಲ ಕಣ್ರೀ."

"ನಿನ್ನ ಕೈ. ಎಷ್ಟು ಸಲ ಹೇಳಿದ್ದೀನಿ, ಗೇರಿಗೆ ಮೃದು ಕೈ ಬೇಕು ಅಂತ. ಬೆಳಿಗ್ಗೆ ತಾನೇ ಸರ್ವೀಸ್ ಆಗಿರೋ ಗಾಡಿ ಇದು. ಗಾಡೀಲಿ ಏನೂ ತಪ್ಪಿಲ್ಲ."

ಹೆಂಡತಿ ಹೇಗೋ ಒಂದನೇ ಗೇರಿಗೆ ಹಾಕಿ, ಆಮೆಯ ನಡಿಗೆಯಲ್ಲಿ ಮನೆಯವರೆಗೆ ತಂದು ನಿಲ್ಲಿಸಿದರು. ಒಳಗೆ ಹೋಗಿ ಅಡುಗೆಮನೆಯ ಸ್ಟೂಲಿನ ಮೇಲೆ ಕೂತರು. ಎಂಥೆಂಥ ಹಟಮಾರಿ ರೋಗಿಯನ್ನೂ ಎರಡು ಮಾತಿನಲ್ಲಿ ಮಲಗಿಸಿ ಇಂಜೆಕ್ಷನ್ ಚುಚ್ಚುವವರು, ಈಗ ತಮ್ಮ ಎಡಗೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಳ್ಳುತ್ತಿದ್ದರು.

"ನಾಳೆ ನಾನು ಹೋಗಲ್ಲ. ಆಗಲ್ಲ ನನ್ನ ಕೈಲಿ. ಆ ಕೆಲಸ ಬೇರೆಯವರಿಗೆ ಕೊಡಿ ಅಂತ ಹೇಳ್ಬಿಡ್ತೀನಿ" ಎಂದರು.

ಬಾಗಿಲಲ್ಲಿ ನಿಂತಿದ್ದ ಮೇಷ್ಟ್ರು ಒಳಗೆ ಇಡಲು ಎತ್ತಿದ್ದ ಕಾಲನ್ನು ಹಿಂದಕ್ಕೆ ತೆಗೆದುಕೊಂಡರು. ಮದುವೆಯಾಗಿ ಹದಿನೇಳು ವರ್ಷಗಳಲ್ಲಿ ಆಕೆಯ ಬಾಯಿಂದ 'ಆಗಲ್ಲ' ಎಂಬ ಮಾತು ಕೇಳಿದ್ದು ಅದೇ ಮೊದಲು. ಸಮಾಧಾನ ಹೇಳಬೇಕೆನ್ನಿಸಿತು. ಆದರೆ ಹೊಗೆಗೆ, ರಾಗಕ್ಕೆ, ಕಡ್ಡಿಗೆ ಕಾರಣ ಹುಡುಕಿದ ಬುದ್ಧಿ ಇದಕ್ಕೆ ಏನನ್ನೂ ಹುಡುಕಿಕೊಡಲಿಲ್ಲ.

ಆಗ ಹಿಂದಿನಿಂದ ಮಾವನವರ ಕೋಲಿನ ಸದ್ದು ಕೇಳಿತು. ಮಗಳ ಮಾತು ಅವರ ಕಿವಿಗೂ ಬಿದ್ದಿತ್ತು. ಮರ್ಯಾದೆ ಪಾಲಿಸಿದ್ದು ಸಾಕೆಂದು ತೀರ್ಮಾನಿಸಿದವರಂತೆ, "ಅಳಿಯಂದ್ರೆ, ಆ ಜೇನಿನ ಸೀಸೆ ಸ್ವಲ್ಪ ಕೊಡಿ" ಎಂದರು.

ಸೀಸೆ ಬಂತು. ಮಾವನವರು ಬೆರಳು ಅದ್ದಿ, ಹೆಬ್ಬೆರಳಿಗೆ ಉಜ್ಜಿ, ಮೂಗಿನ ಹತ್ತಿರ ಹಿಡಿದರು. ನಲವತ್ತು ವರ್ಷದ ಅನುಭವಕ್ಕೆ ಕಣ್ಣು ಬೇಕಾಗಲಿಲ್ಲ.

"ಇದು ಎಂಜಿನ್ ಆಯಿಲ್ ಅಲ್ಲ, ಗೇರ್ ಆಯಿಲ್. ನೀವು ಖಾಲಿ ಮಾಡಿದ್ದು ಗೇರ್‌ಬಾಕ್ಸನ್ನ. ತುಂಬಿದ್ದು ಎಂಜಿನ್ನಿಗೆ. ಒಂದು ಉಪವಾಸ ಕೂತಿದೆ, ಇನ್ನೊಂದಕ್ಕೆ ಅಜೀರ್ಣ ಆಗಿದೆ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ ಹಾಗಾಯ್ತು."

ಮೇಷ್ಟ್ರ ಕಿವಿ ಕೆಂಪಗಾಯಿತು. ಎರಡು ಬೋಲ್ಟು, ಎರಡೇ ಲೀಟರ್ ಎಣ್ಣೆ, ಹಿಡಿಕೆಯವರೆಗೆ ಏರಿದ ಮಟ್ಟ, ಎಲ್ಲವೂ ಒಂದರ ಹಿಂದೊಂದು ಬಂದು ತಲೆಯ ಮೇಲೆ ಮೊಟಕಿದವು. ಅವರು ಹೆಂಡತಿಯ ಎದುರು ಹೋಗಿ ನಿಂತರು. "ತಪ್ಪು ನಿನ್ನ ಕೈಯದಲ್ಲ ಕಣೇ, ನಂದು" ಎಂದರು. ಅಷ್ಟು ಸಣ್ಣ ವಾಕ್ಯ ಹೇಳಲು ಅವರಿಗೆ ಒಂದು ಪೂರ್ತಿ ಪೀರಿಯಡ್ ಹಿಡಿದಂತಾಯಿತು.

ಹೆಂಡತಿ ಅವರ ಮುಖವನ್ನೇ ನೋಡಿದರು. ಕೈಯನ್ನೊಮ್ಮೆ ನೋಡಿಕೊಂಡರು. ನಂತರ ಎದ್ದು ಸೆರಗು ಸಿಕ್ಕಿಸಿ, "ಅಪ್ಪಾ, ಯಾವ ಬೋಲ್ಟು ಅಂತ ನಂಗೆ ಹೇಳು" ಎಂದರು.

ಆ ಸಂಜೆ ನಡೆದ ಶಸ್ತ್ರಚಿಕಿತ್ಸೆಯನ್ನು ಬೀದಿಯವರು ಬಹಳ ದಿನ ನೆನೆಸಿಕೊಂಡರು. ಮೇಷ್ಟ್ರು ಓಡಿಹೋಗಿ ಎರಡೂ ಥರದ ಆಯಿಲ್ ತಂದರು. ಕುರ್ಚಿಯಲ್ಲಿ ಕೂತ ಮಾವನವರು ಕಿವಿಯಿಂದಲೇ ಮೇಲ್ವಿಚಾರಣೆ ಮಾಡಿದರು. ಕಾರಿನ ಕೆಳಗೆ ಮಲಗಿದವರು ನರ್ಸಮ್ಮ. ಮೇಷ್ಟ್ರಿಗೆ ಸಿಕ್ಕಿದ್ದು ಟಾರ್ಚ್ ಹಿಡಿಯುವ ಹುದ್ದೆ. ಅದರಲ್ಲೂ "ಮುಖಕ್ಕೆ ಬಿಡಬೇಡಿ, ಬೋಲ್ಟಿಗೆ ಬಿಡಿ" ಎಂದು ಎರಡು ಸಲ ಬೈಸಿಕೊಂಡರು. ಬಲಗಡೆಯ ಬೋಲ್ಟಿನಿಂದ ಏಳು ಲೀಟರ್ ಕಪ್ಪು ಎಣ್ಣೆ ಹೊರಗೆ ಬಂತು. ಫಿಲ್ಟರ್ ಅಟ್ಟದಿಂದ ಇಳಿಯಿತು. ಎಂಜಿನ್ನಿಗೆ ಮೂರೂವರೆ ಲೀಟರ್ ಬಿದ್ದ ಮೇಲೆ ಕಡ್ಡಿಯನ್ನು ಎಳೆದರೆ ಎಣ್ಣೆ ಸರಿಯಾಗಿ ಕಾರ್ಖಾನೆಯವರ ಗೆರೆಗೇ ನಿಂತಿತ್ತು. ಮೇಷ್ಟ್ರ ಗೆರೆ ಬಹಳ ಮೇಲೆ, ಒಂಟಿಯಾಗಿ ಉಳಿಯಿತು.

ಗೇರ್ ಆಯಿಲ್ ತುಂಬುವ ತೂತು ಮಾತ್ರ ಪಕ್ಕದಲ್ಲಿ, ಬಾಟಲಿ ಬಗ್ಗಿಸಲು ಆಗದ ಸಂದಿನಲ್ಲಿತ್ತು. ಹೆಂಡತಿ ತಮ್ಮ ಬ್ಯಾಗಿನಿಂದ ಬಾಳೆಕಾಯಿ ಗಾತ್ರದ ಹೊಸ ಸಿರಿಂಜ್ ತೆಗೆದರು. ಎಳೆದು ತುಂಬಿ, ತೂತಿಗೆ ಹಿಡಿದು, ಒತ್ತಿದರು. ಮಾವನವರು ಎಣಿಸುತ್ತ ಹೋದರು. ಮೂವತ್ತನಾಲ್ಕು ಇಂಜೆಕ್ಷನ್ ಆದ ಮೇಲೆ ತೂತಿನಿಂದ ಎಣ್ಣೆ ತುಳುಕಿತು, ಅಲ್ಲಿಗೆ ಗೇರ್‌ಬಾಕ್ಸ್ ಭರ್ತಿ. ಹದಿನಾಲ್ಕು ವರ್ಷಗಳಲ್ಲಿ ಇಷ್ಟು ಸುಮ್ಮನೆ ಚುಚ್ಚಿಸಿಕೊಂಡ ರೋಗಿಯನ್ನು ತಾನು ನೋಡಿಯೇ ಇರಲಿಲ್ಲ ಎಂದು ಹೆಂಡತಿ ನಕ್ಕರು. ಒಂದು ಸುತ್ತು ಹೋಗಿ ಬಂದರೆ ಹೊಗೆಯೂ ಇಲ್ಲ, ರಾಗವೂ ಇಲ್ಲ, ಗೇರು ಬೆಣ್ಣೆಯಲ್ಲಿ ಚಾಕು ಆಡಿದ ಹಾಗೆ.

"ನಿನ್ನ ಕೈ ಚೆನ್ನಾಗೇ ಇದೆ ಮಗಾ" ಎಂದರು ಮಾವನವರು. ಆ ಮಾತನ್ನು ಕೇಳಿ ಹೆಂಡತಿಗಿಂತ ಮೇಷ್ಟ್ರಿಗೇ ಹೆಚ್ಚು ಹಗುರವಾಯಿತು. ಇನ್ನು ಮೇಲೆ ತಾವಾಯಿತು, ತಮ್ಮ ಕಪ್ಪು ಹಲಗೆಯಾಯಿತು ಎಂದು ಅವರು ಮನಸ್ಸಿನಲ್ಲೇ ಶಪಥ ಮಾಡಿದರು.

ಹುಟ್ಟುಗುಣ ಸುಟ್ಟರೂ ಹೋಗದಂತೆ. ಸೋಮವಾರ ಬೆಳಿಗ್ಗೆ ಪರೀಕ್ಷೆಯ ಮೈದಾನದಲ್ಲಿ, ಹೆಂಡತಿ ಏರಿನಲ್ಲಿ ಕಾರನ್ನು ನಿಲ್ಲಿಸಿ, ಒಂದು ಅಂಗುಲವೂ ಹಿಂದೆ ಜಾರದೆ ಮೇಲಕ್ಕೆ ತೆಗೆದುಕೊಂಡು ಹೋಗಿದ್ದನ್ನು ನೋಡುತ್ತಲೇ ಮೇಷ್ಟ್ರ ಶಪಥ ಒಂದು ಅಂಗುಲವಲ್ಲ, ಒಂದು ಮಾರು ಜಾರಿತು. ಬೇಲಿಯ ಬಳಿಗೆ ಹೋಗಕೂಡದು ಎಂದು ಹೆಂಡತಿ ಮೊದಲೇ ಕಟ್ಟಪ್ಪಣೆ ಮಾಡಿದ್ದರು. ಹಾಗಾಗಿ ಮರದ ಕೆಳಗೆ, ತಂತಮ್ಮ ಮನೆಯವರಿಗಾಗಿ ಕಾಯುತ್ತಿದ್ದ ಗಂಡಸರ ನಡುವೆ ನಿಂತಿದ್ದರು. ಹೆಂಡತಿ ಎಂಟರ ಆಕಾರದಲ್ಲಿ ಸುತ್ತಿ ಬಂದಾಗ ಅವರ ಎದೆ ಎರಡು ಅಂಗುಲ ಉಬ್ಬಿತು. ರಿವರ್ಸಿನಲ್ಲಿ ಕಂಬಗಳ ನಡುವೆ ನೂಲು ಹಿಡಿದಂತೆ ಹೋದಾಗ ಬಾಯಿ ತೆರೆಯಿತು.

ಎಂಜಿನ್ ಆಯಿಲನ್ನು ಯಾರು ಬೇಕಾದರೂ ಬದಲಿಸುತ್ತಾರೆ, ಗೇರ್ ಆಯಿಲನ್ನೂ ಮನೆಯಲ್ಲೇ ಬದಲಿಸುವವರು ಎಷ್ಟು ಜನ ಇದ್ದಾರೆ ಎಂದು ಅವರು ಸುತ್ತ ನಿಂತವರನ್ನು ಕೇಳಿದರು. ಯಾರೂ ಕೈ ಎತ್ತಲಿಲ್ಲ. ಎರಡನ್ನೂ ಒಂದೇ ದಿನ ಮಾಡಿ ಮುಗಿಸಿದ ಮನೆಯೊಂದು ಇದೆ ಎಂದು ತಿಳಿಸಿದರು. ಯಾವ ಕೈ ಸ್ಪ್ಯಾನರ್ ಹಿಡಿದಿತ್ತು, ಯಾವ ಕೈ ಟಾರ್ಚ್ ಹಿಡಿದಿತ್ತು ಎಂಬ ಸಣ್ಣ ವಿವರಗಳಿಗೆ ಸಮಯ ಸಾಲಲಿಲ್ಲ. ಒಬ್ಬರು ಚೀಟಿಯ ಮೇಲೆ ಮೇಷ್ಟ್ರ ಫೋನ್ ನಂಬರನ್ನೂ ಬರೆದುಕೊಂಡರು.

ಅಷ್ಟರಲ್ಲಿ ಕಾರು ಬಂದು ನಿಂತಿತು. ಮೊದಲು ಇಳಿದವರು ಪರೀಕ್ಷೆ ಮಾಡುವ ಇನ್ಸ್‌ಪೆಕ್ಟರು. ದಪ್ಪ ಮೀಸೆ, ಕೈಯಲ್ಲಿ ರಟ್ಟು, ರಟ್ಟಿನ ಮೇಲೆ ಕಾಗದ. ಅವರ ಹಿಂದೆ ಇಳಿದ ಹೆಂಡತಿಯ ಮುಖ ನೋಡಿದರೆ ಸಾಕಿತ್ತು, ಫಲಿತಾಂಶ ಕೇಳಬೇಕಾಗಿಯೇ ಇರಲಿಲ್ಲ. ಕಿಟಕಿಯಿಲ್ಲದ ಆ ಕೋಣೆಯಿಂದ ಆಕೆ ಆಗಲೇ ಹೊರಗೆ ಬಂದುಬಿಟ್ಟಿದ್ದರು.

"ಈ ಕಾರು ಯಾರದ್ದು?" ಎಂದು ಇನ್ಸ್‌ಪೆಕ್ಟರು ಕೇಳಿದರು.

ಮೇಷ್ಟ್ರು ಗುಂಪನ್ನು ಸರಿಸಿಕೊಂಡು ಮುಂದೆ ಬಂದರು. "ನಮ್ಮದೇ ಸಾರ್. ನಾನು ಅವರ ಯಜಮಾನ. ಸರ್ವೀಸ್ ಎಲ್ಲ ನಮ್ಮ ಮನೇಲೇ."

ಇನ್ಸ್‌ಪೆಕ್ಟರು ಅವರನ್ನು ತಲೆಯಿಂದ ಕಾಲಿನವರೆಗೆ, ಕಾಲಿನಿಂದ ತಲೆಯವರೆಗೆ ಒಮ್ಮೆ ನೋಡಿದರು.

"ಓ, ನೀವೇನಾ ಅದು?" ಎಂದರು. "ನೋಡಿ, ಕೊನೇಲಿ ಎಲ್ಲರಿಗೂ ಒಂದು ಬಾಯಿಮಾತಿನ ಪ್ರಶ್ನೆ ಕೇಳ್ತೀನಿ. ಗೇರ್ ಬೀಳ್ತಿಲ್ಲ, ಹಿಂದೆ ಹೊಗೆ ಬರ್ತಿದೆ, ಆಗ ಮೊದಲು ಏನು ನೋಡ್ಬೇಕು ಅಂತ. ಒಬ್ಬರು ಕ್ಲಚ್ ಅಂತಾರೆ, ಒಬ್ಬರು ಆಯಿಲ್ ಅಂತಾರೆ. ನಿಮ್ಮ ಮನೆಯವರು ಮಾತ್ರ, ಯಜಮಾನರು ಬೆಳಿಗ್ಗೆಯಿಂದ ಎಲ್ಲಿದ್ರು ಅಂತ ಮೊದಲು ನೋಡ್ಬೇಕು ಸಾರ್ ಅಂದ್ರು. ಯಾಕಮ್ಮ ಅಂದೆ. ಪೂರ್ತಿ ಹೇಳಿದ್ರು. ಕಡ್ಡಿಗೆ ಗೆರೆ ಕೊರೆದದ್ದನ್ನೂ ಹೇಳಿದ್ರು. ಹತ್ತಕ್ಕೆ ಹತ್ತು ಕೊಟ್ಟೆ."

ಮರದ ಕೆಳಗೆ ನಗು ಎದ್ದಿತು. ಫೋನ್ ನಂಬರ್ ಬರೆದುಕೊಂಡವರು ಚೀಟಿಯನ್ನು ಸದ್ದಿಲ್ಲದೆ ಮುದುರಿ ಜೇಬಿಗೆ ಹಾಕಿಕೊಂಡರು. ಮೇಷ್ಟ್ರು ಹೆಂಡತಿಯ ಕಡೆ ನೋಡಿದರು, ಕಾರಿನ ಕಡೆ ನೋಡಿದರು, ಆ ಉತ್ತರವನ್ನು ಮನಸ್ಸಿನಲ್ಲೇ ಎರಡೆರಡು ಸಲ ತಿರುವಿ ಹಾಕಿದರು. ಇಪ್ಪತ್ತೆರಡು ವರ್ಷ ಕೆಂಪು ಪೆನ್ನು ಹಿಡಿದ ಆ ಮಹಾನುಭಾವರಿಗೆ ಅದರಲ್ಲಿ ಅರ್ಧ ಮಾರ್ಕು ಕಳೆಯಲೂ ಒಂದು ತಪ್ಪು ಸಿಗಲಿಲ್ಲ.